ಅಕ್ಷರ ಕಲೆಸಿದವರು, ಪದ ಹುಡುಕಿದವರು

ಅಪ್ಪನಿಗೆ ಬೆಳಗಿನ ಕಾಫಿ ಜೊತೆ ಇಂಗ್ಲಿಷ್ ಪೇಪರಿನ ಜಂಬಲ್ ಬೇಕೇ ಬೇಕಿತ್ತು. ಕಲೆಸಿಟ್ಟ ಐದಾರು ಅಕ್ಷರ ಕೊಟ್ಟಿರುತ್ತಾರೆ, ಸರಿಯಾಗಿ ಜೋಡಿಸಿ ಪದ ಮಾಡಬೇಕು. 1954ರಲ್ಲಿ ಅಮೆರಿಕದ ಮಾರ್ಟಿನ್ ನೇಡೆಲ್ ಶುರು ಮಾಡಿದ ಆಟ ಇದು. ಅಪ್ಪ ಪೇಪರಿನ ಅಂಚಲ್ಲಿ ಆ ಅಕ್ಷರಗಳನ್ನು ದುಂಡಗೆ ಬರೆದುಕೊಂಡು ಪೆನ್ನು ಕಚ್ಚುತ್ತಾ ಕೂರೋರು. ಒಂದು ದಿನ ನಾನು ಭಾರೀ ಉಪಕಾರ ಮಾಡುವವನ ಹಾಗೆ ಅವನ್ನು ಇಂಟರ್ನೆಟ್ಟಿನಲ್ಲಿ ಕುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಹೇಳಿಬಿಟ್ಟೆ. ಅಪ್ಪ ಪೇಪರ್ ಮಡಚಿಟ್ಟು, "ಹುಡುಕಿದ್ದು ನೀನಲ್ಲ ಬಿಡು" ಅಂದ್ರು.

ಮಾತು ಚುಚ್ಚಿತು. ನಾನಲ್ಲ ಅಂದ್ರೆ ಇನ್ಯಾರು? ಬೆನ್ನು ಹತ್ತಿ ಹೋದರೆ ದಾರಿ ಮುನ್ನೂರೈವತ್ತು ವರ್ಷ ಹಿಂದಕ್ಕೆ ಹೋಯಿತು.

1676ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ತನ್ನದೊಂದು ಪುಸ್ತಕದಲ್ಲಿ ಹದಿನಾಲ್ಕು ಅಕ್ಷರ ಅಚ್ಚು ಹಾಕಿಸಿದ: ಸಿ, ಇ, ಮೂರು ಐ, ಎನ್, ಓ, ಮೂರು ಎಸ್, ಎರಡು ಟಿ, ಯು, ವಿ. ಗಮನಿಸಿದಿರಾ? ಎಲ್ಲವೂ ಎ-ಬಿ-ಸಿ-ಡಿ ಕ್ರಮದಲ್ಲಿವೆ. ಸ್ಪ್ರಿಂಗ್ ಎಷ್ಟು ಹಿಗ್ಗುತ್ತದೋ ಬಲವೂ ಅಷ್ಟೇ ಅನ್ನುವ ನಿಯಮ ಅವನಿಗೆ ಹೊಳೆದಿತ್ತು. ಬೇರೆಯವರು ಕದಿಯಬಾರದು, ಆದರೆ ಮೊದಲು ಕಂಡಿದ್ದು ತಾನು ಅನ್ನೋದಕ್ಕೆ ಸಾಕ್ಷಿಯೂ ಉಳಿಯಬೇಕು. ಅದಕ್ಕೇ ಆ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನು ವರ್ಣಮಾಲೆಯ ಪ್ರಕಾರ ಸಾಲಾಗಿ ನಿಲ್ಲಿಸಿಬಿಟ್ಟ. ಗುಟ್ಟು ಬಿಚ್ಚಿದ್ದು 1678ರಲ್ಲಿ. ಅದಕ್ಕೂ ಮೊದಲು, 1656ರಲ್ಲಿ, ಡಚ್ ವಿಜ್ಞಾನಿ ಹೈಗನ್ಸ್ ಶನಿಗ್ರಹದ ಬಳೆಯ ವಿಷಯವನ್ನು ಹೀಗೆಯೇ ಮುಚ್ಚಿಟ್ಟಿದ್ದ.

ಅಂದರೆ ಅಕ್ಷರಗಳನ್ನು ಕ್ರಮವಾಗಿ ಜೋಡಿಸುವುದು ಆಗ ಪದವನ್ನು ಅಡಗಿಸುವ ಉಪಾಯ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಈಗ 1930ರ ದಶಕದ ಅಮೆರಿಕಕ್ಕೆ ಬನ್ನಿ. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ಆರ್ಕಿಟೆಕ್ಟ್ ಮನೆಯಲ್ಲಿ ಕೂತು ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದ. ಆ ಲೆಕ್ಕದ ಮೇಲೆ ನಿಂತಿದ್ದೇ ಸ್ಕ್ರ್ಯಾಬಲ್. ನೂರು ಬಿಲ್ಲೆಗಳಲ್ಲಿ ಇ ಹನ್ನೆರಡು, ಕ್ಯೂ ಒಂದೇ. ಎಸ್ ಮಾತ್ರ ಬೇಕಂತಲೇ ನಾಲ್ಕಕ್ಕೆ ನಿಲ್ಲಿಸಿದ, ಇಲ್ಲದಿದ್ದರೆ ಎಲ್ಲರೂ ಬಹುವಚನ ಮಾಡಿಯೇ ಗೆದ್ದುಬಿಡುತ್ತಿದ್ದರು! ಸ್ಕ್ರ್ಯಾಬಲ್ ಅನ್ನುವ ಹೆಸರು ಬಂದಿದ್ದು 1948ರಲ್ಲಿ, ಹಕ್ಕು ಪಡೆದ ಜೇಮ್ಸ್ ಬ್ರೂನೊನಿಂದ.

ಸ್ಕ್ರ್ಯಾಬಲ್ ಆಡುವವನ ಕೈಯಲ್ಲಿ ಏಳು ಅಕ್ಷರ. ಎಲ್ಲವೂ ಬೇರೆಬೇರೆ ಆದರೆ ಅವನ್ನು ಜೋಡಿಸಲು 5,040 ದಾರಿ. ಹತ್ತು ಅಕ್ಷರವಾದರೆ 36,28,800. ಒಂದೊಂದನ್ನೂ ಮಾಡಿ ನಿಘಂಟಿನಲ್ಲಿ ನೋಡುತ್ತಾ ಕೂತರೆ ಕಂಪ್ಯೂಟರಿಗೂ ಬೇಡದ ಕೆಲಸ.

ಇಲ್ಲೇ ಹುಕ್‌ನ ಉಪಾಯ ತಿರುಗುಮುರುಗಾಗಿ ವಾಪಸ್ ಬಂದದ್ದು. ಬೆಲ್ ಲ್ಯಾಬ್ಸಿನ ಜಾನ್ ಬೆಂಟ್ಲಿ 1986ರ 'ಪ್ರೋಗ್ರಾಮಿಂಗ್ ಪರ್ಲ್ಸ್' ಪುಸ್ತಕದಲ್ಲಿ ಇದನ್ನು ಸೊಗಸಾಗಿ ವಿವರಿಸಿದ್ದಾರೆ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನು ಎ-ಬಿ-ಸಿ-ಡಿ ಕ್ರಮಕ್ಕೆ ತನ್ನಿ, ಅದೇ ಆ ಪದದ ಸಹಿ. ಲಿಸನ್ ಬೇರೆ, ಸೈಲೆಂಟ್ ಬೇರೆ, ಎನ್‌ಲಿಸ್ಟ್ ಬೇರೆ. ಕಿವಿಗೆ ಸಂಬಂಧವೇ ಇಲ್ಲ. ಆದರೆ ಮೂರರ ಸಹಿಯೂ ಒಂದೇ: ಇ, ಐ, ಎಲ್, ಎನ್, ಎಸ್, ಟಿ. ನಿಮ್ಮ ಅಕ್ಷರಗಳ ಸಹಿ ಮಾಡಿ, ಅದೇ ಸಹಿಯ ಪದಗಳನ್ನು ತೆಗೆದರಾಯಿತು. 720 ಸಲ ತಡಕುವ ಬದಲು ಒಂದೇ ಸಲ. ಅಡಗಿಸಲು ಹುಟ್ಟಿದ್ದೇ ಹುಡುಕಲು ಕೀಲಿಕೈ ಆಯಿತು.

ಕೊಟ್ಟ ಅಕ್ಷರಗಳಲ್ಲಿ ಕೆಲವನ್ನು ಮಾತ್ರ ಬಳಸಿದ ಪದ ಬೇಕಾದರೆ? ಅದಕ್ಕೆ 1988ರಲ್ಲಿ ಆಂಡ್ರ್ಯೂ ಅಪೆಲ್ ಮತ್ತು ಗೈ ಜೇಕಬ್‌ಸನ್ ಇನ್ನೊಂದು ದಾರಿ ಪ್ರಕಟಿಸಿದರು. ಇಡೀ ನಿಘಂಟನ್ನು ಕವಲೊಡೆದು ಮತ್ತೆ ಕೂಡುವ ಓಣಿಗಳ ಜಾಲದಂತೆ ಜೋಡಿಸುವುದು. ಟಿ-ಎಲ್-ಎನ್ ಅಂತ ಶುರುವಾಗುವ ಪದವೇ ಇಲ್ಲ, ಆ ಓಣಿಯೂ ಇಲ್ಲ. ಆ ಕಡೆ ಕಾಲಿಡುವುದೇ ಬೇಡ.

ಇಷ್ಟರಲ್ಲಿ ಎಲ್ಲೂ ಅರ್ಥದ ಮಾತೇ ಬರಲಿಲ್ಲ, ನೋಡಿ. ನ್ಯೂಜಿಲೆಂಡ್ ಮೂಲದ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಪಟ್ಟ ಗೆದ್ದಾಗ ಆತನಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ! ಕೆಲವು ವಾರ ನಿಘಂಟು ಬಾಯಿಪಾಠ ಮಾಡಿದ್ದ, ಅಷ್ಟೇ. 2024ರಲ್ಲಿ ಸ್ಪ್ಯಾನಿಷ್ ಪಟ್ಟವೂ ಅವನದೇ. ಪದ ಸಿಗುವುದೇ ಬೇರೆ, ಭಾಷೆ ಬರುವುದೇ ಬೇರೆ.

ಕನ್ನಡದಲ್ಲಿ ಇದೇ ಕಿತಾಪತಿ ಮಾಡಲು ಹೋಗಿ ಒಂದು ತಮಾಷೆ ಕಂಡೆ. ನಮ್ಮ ಲೆಕ್ಕದಲ್ಲಿ 'ದಿನ' ತಿರುಗಿಸಿದರೆ 'ನದಿ'. ಎರಡೂ ಪದಕ್ಕೆ ಅದೇ ಎರಡು ಅಕ್ಷರ. ಆದರೆ ಯೂನಿಕೋಡ್ 'ದಿ'ಯನ್ನು ದ ಮತ್ತು ಗುಡಿಸು ಅಂತ ಬಿಡಿಸಿ ಇಡುತ್ತದೆ. ಹಾಗಾಗಿ ಬೆಂಟ್ಲಿಯ ಸಹಿ ಹಾಕಿಸಿದರೆ 'ದನಿ'ಯೂ ಅದೇ ಗುಂಪಿಗೆ ಬಂದು ಕೂರುತ್ತದೆ. ಅಕ್ಷರ ಅಂದರೆ ಏನು ಅಂತ ಮೊದಲು ನಾವು ತೀರ್ಮಾನಿಸಬೇಕು, ಆಮೇಲೆ ಯಂತ್ರ.

ಅಪ್ಪ ಹೇಳಿದ್ದು ಸರಿಯೇ. ಆ ಬೆಳಿಗ್ಗೆ ಹುಡುಕಿದ್ದು ನಾನಲ್ಲ. ಹುಕ್, ಬೆಂಟ್ಲಿ, ಇನ್ನೂ ಯಾರ್ಯಾರೋ. ನಾನು ಬರೀ ಕುಟ್ಟಿದ್ದೆ. ಈಗ ನಾನೂ ಪೇಪರಿನ ಅಂಚಲ್ಲಿ ಅಕ್ಷರಗಳನ್ನು ದುಂಡಗೆ ಬರೆದುಕೊಂಡು ಕೂರ್ತೀನಿ. ಅರ್ಧ ಕಾಫಿ ಆರಿಹೋಗುತ್ತೆ. ಆದರೂ ಪದ ಥಟ್ಟನೆ ಹೊಳೆದಾಗ ಆಗುವ ಖುಷಿ ಇದೆಯಲ್ಲ, ಅದು ಮಾತ್ರ ನನ್ನದೇ. ಏನಂತೀರಿ?