ಕ್ಲಾಸ್ ಹೆಸರು: ಟೆಂಪ್ಲೇಟು, ಸ್ಟೈಲ್‌ಶೀಟುಗಳಲ್ಲಿ ಊರ ಹೆಸರಿನ ತೊಡಕು

ವೆಬ್ ಪುಟದ ಟೆಂಪ್ಲೇಟಿನಲ್ಲಿ ಒಂದು ಭಾಗಕ್ಕೆ ಕೊಟ್ಟ ಕ್ಲಾಸ್ ಹೆಸರು, ಅದರ ಬಣ್ಣ ಅಳತೆಗಳನ್ನು ಹೇಳುವ ಸ್ಟೈಲ್‌ಶೀಟಿನಲ್ಲಿರುವ ಹೆಸರಿನೊಡನೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಸ್ಟೈಲ್‌ಶೀಟ್ ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಹೊರಬಂದಾಗಿನಿಂದಲೂ ಕ್ಲಾಸ್ ಹೆಸರು ಎರಡನ್ನೂ ಜೋಡಿಸುತ್ತ ಬಂದಿದೆ. ಹೆಸರುಗಳು ಹೊಂದದಿದ್ದರೆ ಬ್ರೌಸರ್ ದೋಷವನ್ನೇನೂ ತೋರಿಸುವುದಿಲ್ಲ. ಸ್ಟೈಲ್‌ಶೀಟಿನ ಆ ನಿಯಮ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ವಿಜಯಪುರ ಜಿಲ್ಲೆಯ ತಾಲ್ಲೂಕುವಾರು ಪುಟದಲ್ಲಿ ಊರ ಹೆಸರನ್ನೇ ಕ್ಲಾಸ್ ಹೆಸರು ಮಾಡಿದರೆ ಈ ಅಪಾಯ ಎದುರಾಗುತ್ತದೆ. ಇಂಡಿ ತಾಲ್ಲೂಕಿನ ಹೆಸರಿನ ರೋಮನ್ ಕಾಗುಣಿತಕ್ಕೆ ತಕರಾರಿಲ್ಲ. ಆದರೆ 2011ರ ಜನಗಣತಿ ಸಿಂದಗಿಯನ್ನು ದಕಾರದ ನಂತರದ ಸ್ವರ ಬಿಟ್ಟು ಬರೆದಿದೆ, ಬಸವನ ಬಾಗೇವಾಡಿಯ ‘ವಾ’ಕ್ಕೆ ‘ವಿ’ ಹಾಕಿದೆ. ರೂಢಿಯಲ್ಲಿ ಸ್ವರವನ್ನು ಸೇರಿಸುವುದೂ ‘ಡಬ್ಲ್ಯೂ’ ಬಳಸುವುದೂ ಉಂಟು. ಟೆಂಪ್ಲೇಟ್ ಬರೆದವರು ಒಂದನ್ನು, ಸ್ಟೈಲ್‌ಶೀಟ್ ತಿದ್ದಿದವರು ಇನ್ನೊಂದನ್ನು ಹಿಡಿದರೆ ಎರಡು ತಾಲ್ಲೂಕುಗಳು ವಿನ್ಯಾಸವಿಲ್ಲದೆ ಉಳಿಯುತ್ತವೆ.

ಹಾಗಾದರೆ ಕನ್ನಡದಲ್ಲೇ ಬರೆಯಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಿಎಸ್‌ಎಸ್ ಕನ್ನಡ ಅಕ್ಷರಗಳನ್ನು ಒಪ್ಪುತ್ತದೆ, ದೊಡ್ಡಕ್ಷರ ಸಣ್ಣಕ್ಷರಗಳ ಜಂಜಾಟವೂ ಇರುವುದಿಲ್ಲ. ಆದರೂ ಕಷ್ಟ ತಪ್ಪದು. ‘ಬಸವನ ಬಾಗೇವಾಡಿ’ ಎಂದು ನಡುವೆ ಜಾಗ ಬಿಟ್ಟು ಬರೆದರೆ ಅದು ಒಂದಲ್ಲ, ಎರಡು ಕ್ಲಾಸ್. ಮುದ್ದೇಬಿಹಾಳದ ‘ದೇ’, ಬಾಗೇವಾಡಿಯ ‘ಗೇ’ ಇನ್ನೂ ಸೂಕ್ಷ್ಮ: ಯುನಿಕೋಡ್‌ನಲ್ಲಿ ಏತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬ್ರೌಸರ್‌ಗೆ ಅವು ಬೇರೆ ಬೇರೆ ಹೆಸರು, ಏಕೆಂದರೆ ಹೋಲಿಸುವಾಗ ಅದು ಇವನ್ನು ಒಂದು ರೂಪಕ್ಕೆ ತರುವುದಿಲ್ಲ. ಇಂಥ ತಪ್ಪನ್ನು ಪರದೆ ನೋಡಿ ಹುಡುಕುವುದು ಆಗದ ಮಾತು.

ಆದ್ದರಿಂದ ಕ್ಲಾಸ್ ಹೆಸರು ಊರನ್ನಲ್ಲ, ಪುಟದಲ್ಲಿ ಆ ಭಾಗ ಮಾಡುವ ಕೆಲಸವನ್ನು ಹೇಳಬೇಕು: ತಾಲ್ಲೂಕು ಶೀರ್ಷಿಕೆ, ತಾಲ್ಲೂಕು ಪಟ್ಟಿ, ಹೀಗೆ. ಊರ ಹೆಸರು ಓದುವ ಪಠ್ಯದಲ್ಲಿದ್ದರೆ ಸಾಕು. ತಾಲ್ಲೂಕುಗಳ ಲೆಕ್ಕವೂ ಸ್ಥಿರವಲ್ಲ; ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರಗಳು ಬೇರೆ ತಾಲ್ಲೂಕುಗಳಾಗಿವೆ. ಊರಿಗೊಂದು ಬಣ್ಣ ಬೇಕೇ ಬೇಕೆನ್ನುವವರು ಸರ್ಕಾರಿ ಸಂಕೇತಸಂಖ್ಯೆ ಬಳಸಬಹುದು. ಅಂಕಿಯಿಂದ ಶುರುವಾಗುವ ಹೆಸರನ್ನು ಸಿಎಸ್‌ಎಸ್ ನೇರವಾಗಿ ಒಪ್ಪದ ಕಾರಣ ಮುಂದೊಂದು ಅಕ್ಷರ ಸೇರಿಸಬೇಕು. ಹಳೆಯ ಹೆಸರುಗಳನ್ನು ಬದಲಿಸಿದರೆ ಪುಟವೇ ಕೆಟ್ಟೀತು ಎಂಬ ಅಂಜಿಕೆಗೂ ಉತ್ತರವಿದೆ. ಒಂದು ಭಾಗಕ್ಕೆ ಎರಡು ಕ್ಲಾಸ್ ಇರಬಹುದು. ಹಳತು ಹೊಸತನ್ನು ಕೆಲಕಾಲ ಜೊತೆಗಿಟ್ಟು, ಹಳತಿನ ಬಳಕೆ ಪೂರ್ತಿ ನಿಂತ ಮೇಲೆ ಅಳಿಸಬೇಕು. ಊರ ಹೆಸರುಗಳೇ ಬದಲಾಗುವುದರಿಂದಲೂ ಈ ಎಚ್ಚರ ಬೇಕು: ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ಆದರೆ ಲೋಕಸಭಾ ಕ್ಷೇತ್ರದ ಹೆಸರು ಬಿಜಾಪುರವೆಂದೇ ಉಳಿದಿದೆ.