ಹಳೆಯ ಕಾರಿನ ಗುರುತು

ಖಡಕಿಯ ಸೇನಾ ಕಾರ್ಯಾಗಾರದ ನೆರೆಯಲ್ಲಿ ಬಾಳುವ ನಮಗೆ ಯಂತ್ರಗಳು ಹೊಸವಲ್ಲ. ಆದರೆ ಹಳೆಯ ಕಾರಿನ ಸಂಖ್ಯಾಫಲಕವೂ ನಾಡಿನ ಚರಿತ್ರೆಯೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಮೈಸೂರು ರಾಜ್ಯದ ವಾಹನಗಳಿಗಿದ್ದ ‘ಎಂವೈ’ ಅಕ್ಷರಗಳು, 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದ ಮೇಲೆ ‘ಸಿಎ’ಗೆ, 1988ರ ಮೋಟಾರು ಕಾಯಿದೆ ಜಾರಿಯಾದ ಮೇಲೆ ‘ಕೆಎ’ಗೆ ಎಡೆಗೊಟ್ಟವು. ಅಲ್ಲಿಯ ಗಾಡಿ ಇಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ, ಅದೇ ಕಾಯಿದೆಯಂತೆ ಮಹಾರಾಷ್ಟ್ರದ ಸಂಖ್ಯೆ ಪಡೆಯಬೇಕು.

ಚಾಸಿಯ ಮೇಲೆ ಕೆತ್ತಿದ ಸಂಖ್ಯೆ ಮಾತ್ರ ರಾಜ್ಯ ಬದಲಾದರೂ ಬದಲಾಗದು. ಅದು ನೋಂದಣಿ ಪತ್ರಕ್ಕೆ ತಾಳೆಯಾಗದಿದ್ದರೆ, ಎಷ್ಟು ಬಣ್ಣ ಬಳಿದರೂ ಒಡೆತನ ಸಿದ್ಧವಾಗದು.

2021ರ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯುಂಟು. ಮೊದಲೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದ್ದರಿಂದ ಹಿರಿಯರ ಪೆಟ್ಟಿಗೆಯಲ್ಲಿರುವ ಆ ಕಾಗದವನ್ನು ರದ್ದಿಗೆ ಹಾಕದಿರೋಣ.