ಬಣ್ಣಕ್ಕಾಗಿ ಬೆಳೆಸುವ ಹೆಬ್ಬಾವುಗಳು

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಗಳು ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ 17 ಕಾಳಿಂಗ ಸರ್ಪಗಳನ್ನೂ ನಾನಾ ಬಣ್ಣದ 55 ಬಾಲ್ ಪೈಥಾನ್‌ಗಳನ್ನೂ ಪತ್ತೆಹಚ್ಚಿದರು. ಜೊತೆಗಿದ್ದ 6 ಕಪುಚಿನ್ ಕೋತಿಗಳು ಸತ್ತಿದ್ದವು.

ಆಫ್ರಿಕಾ ಮೂಲದ ಈ ಪುಟ್ಟ ಹೆಬ್ಬಾವು ಸಹಜವಾಗಿ ಕಪ್ಪು-ಕಂದು. ಬೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ಕಪ್ಪು ವರ್ಣದ್ರವ್ಯವಿಲ್ಲದ ಬಿಳಿ-ಹಳದಿ ಮರಿ ಅಪರೂಪ. ನಮ್ಮ ಮಕ್ಕಳು ಅನುವಂಶೀಯತೆಯ ಪಾಠದಲ್ಲಿ ಓದುವ ದುರ್ಬಲ ಗುಣವೇ ಇದು: ಗುಣವಾಹಕ ಜೋಡಿಯ ಮರಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದಕ್ಕೆ ಪ್ರಕಟವಾಗುತ್ತದೆ. ‘ಸ್ಪೈಡರ್’ ಎಂಬ ಬಗೆಯಲ್ಲಾದರೋ ಚೆಲುವು ತರುವ ವಂಶವಾಹಿಯೇ ಸಮತೋಲನವನ್ನು ಕೆಡಿಸುತ್ತದೆ, ತಲೆ ತೂರಾಡುತ್ತದೆ. ಅದನ್ನರಿತೂ ತಳಿ ಮುಂದುವರಿಸುವುದನ್ನು ನಾವು ಒಪ್ಪಲಾರೆವು.

ಹಿಂದೂಪುರ, ಕಲ್ಯಾಣದುರ್ಗಗಳ ಹೊಲಗಳ ನಾಗರ, ಕೇರೆ, ‘ಎರಡು ತಲೆಯ’ದೆಂದು ಕರೆಯಲ್ಪಡುವ ಮಣ್ಣುಮುಕ್ಕ, ಇವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.